ಸಹಾಯ ಬೇಕು: ಮೌಂಟ್‌ನಿಂದ ಹೊರಗೆ ಬರಲು ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಬ್ರೆಜಿಲಿಯನ್ ಜಿಯು-ಜಿಟ್ಸು (ನೆಲದ ಮೇಲೆ ಹಿಡಿತ ಹಾಕಿ ಸೆಣಸುವ, ಕುಸ್ತಿಯಂಥ ಕಲೆ) ಕ್ಲಾಸಿಗೆ ಸೇರಿ 3 ತಿಂಗಳಾಯಿತು. ಬಿಳಿ ಬೆಲ್ಟ್, ಅಂದರೆ ಇನ್ನೂ ಮೊದಲ ಹಂತ. ನನ್ನ ತೂಕ 58 ಕೆಜಿ, ಜೊತೆಯವರು ಜಾಸ್ತಿ ಜನ 75ರ ಮೇಲೆ.

ಯಾರಾದರೂ ಮೌಂಟ್‌ನಲ್ಲಿ, ಅಂದರೆ ಅಂಗಾತ ಬಿದ್ದ ನನ್ನ ಎರಡೂ ಪಕ್ಕ ಕಾಲು ಹಾಕಿ ಎದೆ ಮೇಲೆ ಕೂತರೆ ಬಿಡಿಸಿಕೊಳ್ಳಲು ಆಗುತ್ತಿಲ್ಲ. ಮೊದಲು ಉಪಾ ಅನ್ನುವ ಪಟ್ಟು ಮಾಡಿ ನೋಡಿದೆ. ಅವರ ಒಂದು ಕೈ ಹಿಡಿದು, ಅದೇ ಕಡೆಯ ಪಾದಕ್ಕೆ ನನ್ನ ಕಾಲು ಅಡ್ಡ ಕೊಟ್ಟು, ಸೊಂಟ ಎತ್ತಿ ಹೊರಳುತ್ತೇನೆ. ಅಷ್ಟರಲ್ಲಿ ಕೈ ಕಿತ್ತುಕೊಂಡು ನೆಲಕ್ಕೆ ಊರಿಬಿಡುತ್ತಾರೆ.

ಎಲ್ಬೋ ಎಸ್ಕೇಪ್ (ಮೊಣಕೈಯಿಂದ ಅವರ ಮೊಣಕಾಲು ತಳ್ಳಿ, ನಡುವೆ ನಮ್ಮ ಮೊಣಕಾಲು ತೂರಿಸಿ ಬಿಡಿಸಿಕೊಳ್ಳುವುದು) ಕಥೆಯೂ ಅಷ್ಟೇ. ಮನೆಯಲ್ಲಿ ಚಾಪೆ ಮೇಲೆ ದಿನಾ ಶ್ರಿಂಪಿಂಗ್ (ಪಕ್ಕಕ್ಕೆ ತಿರುಗಿ ಸೊಂಟ ಹಿಂದಕ್ಕೆ ಸರಿಸುವ ಅಭ್ಯಾಸ) ಮಾಡುತ್ತೇನೆ, ಒಬ್ಬನೇ ಇದ್ದಾಗ ಸಲೀಸು. ಮೈಮೇಲೆ ಭಾರ ಬಿದ್ದರೆ ಮಾತ್ರ, ಮೊಣಕೈಯಿಂದ ಅವರ ಮೊಣಕಾಲು ಎಷ್ಟು ತಳ್ಳಿದರೂ ನನ್ನ ಮೊಣಕಾಲು ಒಳಗೆ ನುಗ್ಗುವುದೇ ಇಲ್ಲ. ಅವರ ಮೊಣಕಾಲು ಕಂಕುಳವರೆಗೆ ಏರಿಬಿಟ್ಟಿರುತ್ತದೆ. ಆಮೇಲೆ ಏನು ಮಾಡಬೇಕೋ ನನಗೆ ತೋಚುವುದಿಲ್ಲ. ಕೋಚ್ ಚೆನ್ನಾಗಿ ಹೇಳಿಕೊಡುತ್ತಾರೆ, ಆದರೆ 20 ಜನರ ಮಧ್ಯೆ ಮತ್ತೆ ಮತ್ತೆ ಕೇಳಲು ಸಂಕೋಚ.

ಎಲ್ಬೋ ಎಸ್ಕೇಪ್ ಬಗ್ಗೆ ನನಗೆ ಗೊತ್ತಾಗಬೇಕಿರುವುದು ಇಷ್ಟು: ಮೊದಲು ಸೊಂಟ ಎತ್ತಿ ಜಾಗ ಮಾಡಿಕೊಂಡು ಆಮೇಲೆ ಪಕ್ಕಕ್ಕೆ ತಿರುಗಬೇಕಾ, ಅಥವಾ ತಿರುಗಿದ ಮೇಲೆ ಸೊಂಟ ಹಿಂದಕ್ಕೆ ಎಳೆಯಬೇಕಾ? ಆಗ ಕೆಳಗಿನ ಕಾಲು ನೆಲಕ್ಕೆ ಚಾಚಿರಬೇಕಾ, ಮಡಚಿರಬೇಕಾ?