ಅಪ್‌ಡೇಟ್: ಸ್ನಾನದ ಹೊತ್ತಿಗೆ ಅತ್ತೆಯವರು ಹೊಡೆಯುತ್ತಿದ್ದ ವಿಷಯ

ಅತ್ತೆಯವರಿಗೆ ಆಲ್ಝೈಮರ್ಸ್ (ಮರೆವಿನ ಕಾಯಿಲೆ), ಬೆಂಗಳೂರಿನ ಆರೈಕೆ ಕೇಂದ್ರವೊಂದರಲ್ಲಿದ್ದಾರೆ, ಇದ್ದಕ್ಕಿದ್ದಂತೆ ಆಯಾಗಳನ್ನು ಹೊಡೆಯುತ್ತಾರೆ, ಪರಚುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೆ.

"ಮೊದಲು ಮೂತ್ರ ಪರೀಕ್ಷೆ ಮಾಡಿಸಿ" ಎಂದವರಿಗೆ ದೊಡ್ಡ ನಮಸ್ಕಾರ. ಸೋಂಕು ಇತ್ತು. ಜ್ವರ ಇರಲಿಲ್ಲ, ಉರಿ ಅಂತ ಹೇಳಲು ಅವರಿಗೆ ಈಗ ಬರುವುದಿಲ್ಲ. ಮಲಬದ್ಧತೆ, ಹಲ್ಲುನೋವು ಕೂಡ ಹೀಗೆ ಸಿಟ್ಟಾಗಿ ಹೊರಬರಬಹುದು ಎಂದರು ಡಾಕ್ಟರ್. ಆಂಟಿಬಯೋಟಿಕ್ ಕೋರ್ಸ್ ಮುಗಿದ ಮೇಲೆ ರಾತ್ರಿಯ ಕಿರುಚಾಟ ತುಂಬಾ ಕಡಿಮೆಯಾಯಿತು.

ಸ್ನಾನದ ಜಗಳ ಮಾತ್ರ ಹಾಗೇ ಇತ್ತು. ಅಲ್ಲಿ ಬೆಳಗಾಗುವ ಮೊದಲೇ ಎಬ್ಬಿಸಿ ಶವರ್ ಕೆಳಗೆ ಕೂರಿಸುತ್ತಿದ್ದರು. ಜೀವನಪೂರ್ತಿ ಹಂಡೆ ನೀರು, ಚೊಂಬಿನಲ್ಲಿ ಸ್ನಾನ ಮಾಡಿದವರು. ತಲೆ ಮೇಲೆ ದಬದಬ ನೀರು ಬಿದ್ದರೆ ಹೆದರುತ್ತಾರೆ, ಅಲ್ವಾ? ಈಗ ತಿಂಡಿ ಆದ ಮೇಲೆ ಸ್ನಾನ. ಬಕೆಟ್, ಚೊಂಬು, ಹೆಗಲ ಮೇಲೊಂದು ಟವೆಲ್. ಮೊದಲು ಕಾಲಿಗೆ ನೀರು, ಚೊಂಬು ಅವರ ಕೈಯಲ್ಲೇ. ಬೇಡ ಎಂದರೆ ಆ ದಿನ ಮೈ ಒರೆಸಿಬಿಡುತ್ತಾರೆ. ಮ್ಯಾನೇಜರನ್ನು ಇದಕ್ಕೆ ಒಪ್ಪಿಸಲು ಸಾಕಷ್ಟು ಗುದ್ದಾಡಬೇಕಾಯಿತು. ಕೇಂದ್ರದವರಿಗೆ ಅತ್ತೆಗೆ ಮಾತ್ರೆ ಕೊಟ್ಟು ಸುಮ್ಮನಾಗಿಸುವುದೇ ಸುಲಭ!

ಸಿಟ್ಟು, ಹೊಡೆದಾಟ ತಗ್ಗಿಸಲು ಕೊಡುವ ರಿಸ್ಪೆರಿಡೋನ್ ಎಂಬ ಮನೋರೋಗದ ಮಾತ್ರೆ ಸದ್ಯಕ್ಕೆ ಬೇಡ ಎಂದರು ಡಾಕ್ಟರ್. ಡಿಮೆನ್ಷಿಯಾ (ಆಲ್ಝೈಮರ್ಸ್‌ನಂಥ ಮರೆವಿನ ಕಾಯಿಲೆಗಳು) ಇರುವ ವೃದ್ಧರಲ್ಲಿ ಇಂಥ ಔಷಧಿಗಳಿಂದ ಸಾವಿನ ಅಪಾಯ ಜಾಸ್ತಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿದೆ. ಬೇರೆ ದಾರಿಯೇ ಇಲ್ಲದಿದ್ದರೆ ಸಣ್ಣ ಡೋಸ್, ಸ್ವಲ್ಪ ಕಾಲ, ಅಷ್ಟೇ.

ಸಂಜೆ "ಮನೆಗೆ ಹೋಗಬೇಕು" ಅಂತ ಬಾಗಿಲು ಬಡಿಯುವುದು ಇನ್ನೂ ಇದೆ. ಕತ್ತಲಾಗುವ ಮುಂಚೆಯೇ ಲೈಟ್ ಹಾಕಿಸುತ್ತಿದ್ದೇವೆ, ಫಲ ಅಷ್ಟಕ್ಕಷ್ಟೇ. ಯಾರಿಗಾದರೂ ಇದಕ್ಕೆ ಉಪಾಯ ಗೊತ್ತಿದ್ದರೆ ಹೇಳಿ.