ಊತ ಇಳಿದರೂ ನೋವು ಬಿಡುತ್ತಿಲ್ಲ, ಅಮ್ಮನಿಗೆ ಏನು ಮಾಡಲಿ?

ಮಂಡ್ಯದಿಂದ ಪ್ರಶ್ನೆ:
ಅಮ್ಮನಿಗೆ 58 ವರ್ಷ, ಸಂಧಿವಾತ. ಮಾತ್ರೆಯಿಂದ ಬೆರಳಿನ ಊತ ಇಳಿದಿದೆ. ಇಎಸ್‌ಆರ್, ಸಿಆರ್‌ಪಿ ಎರಡೂ (ಮೈಯಲ್ಲಿ ಉರಿಯೂತ ಇದೆಯಾ ಅಂತ ನೋಡುವ ರಕ್ತಪರೀಕ್ಷೆಗಳು) ಸರಿ ಇವೆ. ಆದರೂ ರಾತ್ರಿಯೆಲ್ಲ ಕೈ ಉರಿ, ಬೆಳಿಗ್ಗೆ ಮುದ್ದೆ ತಿರುವಲು ಆಗುವುದಿಲ್ಲ. ‘ಎಲ್ಲ ನಿನ್ನ ಮನಸ್ಸಿಂದು’ ಅಂತ ಅಪ್ಪ ಅನ್ನುತ್ತಾರೆ. ಅನುಭವ ಇದ್ದವರು ಹೇಳಿ.

ಕುವೆಂಪುನಗರ, ಮೈಸೂರು:
ನಮ್ಮ ಅತ್ತೆಗೂ ಹೀಗೇ ಆಗಿತ್ತು. ಡಾಕ್ಟರು ರಾತ್ರಿಗೆ ಗ್ಯಾಬಪೆಂಟಿನ್ ಅನ್ನುವ ನರನೋವಿನ ಮಾತ್ರೆ ಕೊಟ್ಟರು. ನಿದ್ದೆ ಬಂತು, ಉರಿ ಸ್ವಲ್ಪ ಕಡಿಮೆ ಆಯ್ತು. ಆದರೆ ಮೊದಲ ವಾರ ತಲೆ ಸುತ್ತಿ ಬಚ್ಚಲಲ್ಲಿ ಬಿದ್ದುಬಿಟ್ಟರು. ರಾತ್ರಿ ಎದ್ದರೆ ಯಾರಾದರೂ ಜೊತೆಗಿರಿ. ಸುಮ್ನೆ ಒಂದೇ ಸಲ ನಿಲ್ಲಿಸಲೂ ಬಾರದು.

ಸರಸ್ವತಿಪುರಂ, ಮೈಸೂರು:
ನಾನು ಶರೀರಶಾಸ್ತ್ರ ಪಾಠ ಮಾಡುತ್ತೇನೆ. ನಿಮ್ಮ ಅಮ್ಮನ ನೋವು ನಿಜ. ಮೊದಲು ಅಪ್ಪನಿಗೆ ಇದನ್ನು ಹೇಳಿ.

ನರಕೋಶದ ಹೊದಿಕೆಯಲ್ಲಿ ಅಯಾನ್ ಚಾನೆಲ್ ಅನ್ನುವ ಸಣ್ಣ ಬಾಗಿಲುಗಳಿವೆ. ಸೋಡಿಯಂ ಒಳಗೆ ನುಗ್ಗಿದರೆ ನರ ಸುದ್ದಿ ಕಳಿಸುತ್ತದೆ. ಪೊಟ್ಯಾಸಿಯಂ ಹೊರಗೆ ಹೋದರೆ ತಣ್ಣಗಾಗುತ್ತದೆ. ಹಸಿಮೆಣಸಿನಕಾಯಿ ಹೆಚ್ಚಿದ ಕೈಯನ್ನು ಬಿಸಿನೀರಿಗೆ ಇಟ್ಟರೆ ಉರಿ ಜಾಸ್ತಿ, ಅಲ್ವಾ? ಖಾರಕ್ಕೂ ಬಿಸಿಗೂ ತೆರೆಯುವ ಬಾಗಿಲು ಒಂದೇ, ಟಿಆರ್‌ಪಿವಿ1. ಅದನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ 2021ರಲ್ಲಿ ನೊಬೆಲ್ ಹಂಚಿಕೊಂಡರು. ಸಾಮಾನ್ಯವಾಗಿ ಸುಮಾರು 43 ಡಿಗ್ರಿಗೆ ಅದು ತೆರೆಯುತ್ತದೆ. ಊತ ಇರುವ ಕಡೆ ಪ್ರೊಸ್ಟಗ್ಲಾಂಡಿನ್‌ನಂಥ ರಾಸಾಯನಿಕಗಳು ಸೇರಿ, ಮೈಬಿಸಿಗೇ ತೆರೆಯುವಷ್ಟು ಸಡಿಲ ಮಾಡುತ್ತವೆ.

ತಿಂಗಳುಗಟ್ಟಲೆ ಹೀಗೇ ಸುದ್ದಿ ಬರುತ್ತಿದ್ದರೆ ಬೆನ್ನುಹುರಿ, ಮೆದುಳಿನ ನರಕೋಶಗಳೂ ಬದಲಾಗುತ್ತವೆ. ಅಲ್ಲಿ ಎನ್‌ಎಂಡಿಎ ಅನ್ನುವ ಬಾಗಿಲಿಗೆ ಮೆಗ್ನೀಸಿಯಂ ಬಿರಡೆಯಂತೆ ಕೂತಿರುತ್ತದೆ. ಸಂಕೇತ ಜೋರಾದರೆ ಬಿರಡೆ ಕಿತ್ತುಬಂದು ಕ್ಯಾಲ್ಸಿಯಂ ಒಳಗೆ ಹೋಗುತ್ತದೆ. ಆಮೇಲೆ ಆ ನರಕೋಶ ಸಣ್ಣ ಮುಟ್ಟುವಿಕೆಗೂ ಕೂಗಿಕೊಳ್ಳುತ್ತದೆ. ನೋವು ಹಳೆಯದಾದಾಗ ಮೆದುಳಿನ ಇನ್ನೊಂದು ಬಗೆಯ ಬಾಗಿಲುಗಳಾದ ಎಚ್‌ಸಿಎನ್ ಚಾನೆಲ್‌ಗಳೂ ಬದಲಾಗುವುದು ಇಲಿಗಳಲ್ಲಿ ಕಂಡಿದೆ. ಕೀಲಿನ ಊತ ಇಳಿದರೂ ಈ ಅಭ್ಯಾಸ ಬೇಗ ಬಿಡುವುದಿಲ್ಲ. ನಿಮ್ಮ ರಕ್ತದ ರಿಪೋರ್ಟಿನಲ್ಲಿ ಇದು ಕಾಣುವುದೂ ಇಲ್ಲ. ಗ್ಯಾಬಪೆಂಟಿನ್ ಅಂಟಿಕೊಳ್ಳುವುದು ನರದ ಕ್ಯಾಲ್ಸಿಯಂ ಚಾನೆಲ್‌ಗೆ. ಎಲ್ಲರಿಗೂ ಅದು ನಾಟುವುದಿಲ್ಲ. ಡಾಕ್ಟರು ನೋಡಿಯೇ ಕೊಡಬೇಕು.

ಶ್ರೀರಂಗಪಟ್ಟಣ:
ನನಗೇ 11 ವರ್ಷದಿಂದ ಇದೆ ಅಣ್ಣ. ನಿದ್ದೆಗೆಟ್ಟ ಮಾರನೇ ದಿನ ನೋವು ಖಂಡಿತ ಜಾಸ್ತಿ. ಬೆಳಿಗ್ಗೆ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಕೈ ಆಡಿಸುತ್ತೇನೆ, ಸಂಜೆ ಕಾಲುವೆ ಏರಿ ಮೇಲೆ ನಡೆಯುತ್ತೇನೆ. ಯಾವ ಹೊತ್ತಿಗೆ ಎಷ್ಟು ನೋವು ಅಂತ ಪುಸ್ತಕದಲ್ಲಿ ಬರೆದು ಡಾಕ್ಟರಿಗೆ ತೋರಿಸಿದ ಮೇಲೆ ಮಾತ್ರೆಯ ಸಮಯ ಬದಲಿಸಿದರು. ‘ನಾಟಕ’ ಅಂತ ಮನೆಯಲ್ಲಿ ಅಂದ ಮಾತು ಇನ್ನೂ ಮರೆತಿಲ್ಲ. ಅಮ್ಮನಿಗೆ ಹಾಗೆ ಅನ್ನಲು ಯಾರಿಗೂ ಬಿಡಬೇಡಿ.

ಮಂಡ್ಯದಿಂದ ಮತ್ತೆ:
ಎಲ್ಲರಿಗೂ ಧನ್ಯವಾದ. ಮೆಣಸಿನಕಾಯಿ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. ಸುಮ್ಮನೆ ಕೂತು ಕೇಳಿದರು. ಗುರುವಾರ ಡಾಕ್ಟರ ಹತ್ತಿರ ಹೋಗುತ್ತೇವೆ. ಅಮ್ಮನ ಕಿಡ್ನಿ ಸ್ವಲ್ಪ ವೀಕು, ಅದನ್ನೂ ಹೇಳಬೇಕಾ?

ಸರಸ್ವತಿಪುರಂ:
ಮೊದಲು ಅದನ್ನೇ ಹೇಳಿ. ಗ್ಯಾಬಪೆಂಟಿನ್ ಹೊರಹೋಗುವುದು ಕಿಡ್ನಿಯಿಂದಲೇ, ಡೋಸ್ ಕಡಿಮೆ ಮಾಡುತ್ತಾರೆ. ಅಲ್ಲಿಯವರೆಗೆ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಎರಡೂ ಕಿಡ್ನಿಗೆ ತೊಂದರೆ.