ಮನವಿ ಕೊಟ್ಟು ಫೋಟೋ ತೆಗೆಸಿಕೊಂಡ ಮೇಲೆ ಎಂತ ಆಗುತ್ತದೆ?

ಕರಿಮೆಣಸು:
ಕೊಡಗಿನವರೇ, ಒಂದು ಡೌಟು. ನನ್ನ ತಂಗಿ ಅಮೆರಿಕದ ಸಿಯಾಟಲ್‌ನಲ್ಲಿದ್ದಾಳೆ. ಅಲ್ಲಿನ ನಗರ ಆಡಳಿತ ಪ್ರತಿ ವರ್ಷ ಒಂದು ಪಟ್ಟಿ ಮಾಡುತ್ತದಂತೆ, ಈ ಸಲ ರಾಜ್ಯದ ಶಾಸನಸಭೆಯಿಂದ ನಮಗೆ ಬೇಕಾದದ್ದು ಇಷ್ಟು, ಇಂಥದ್ದು ಬಂದರೆ ವಿರೋಧ ಅಂತ. ಅಧಿವೇಶನ ಜನವರಿಯಲ್ಲಿ, ಆ ರಾಜ್ಯದ ರಾಜಧಾನಿ ಒಲಿಂಪಿಯಾದಲ್ಲಿ. ಅಲ್ಲಿ ಓಡಾಡಿ ಶಾಸಕರನ್ನು ಹಿಡಿಯಲು ನಗರಕ್ಕೇ ಸಂಬಳದ ಜನ ಇದ್ದಾರೆ. ಕದ್ದುಮುಚ್ಚಿ ಮಾಡುವ ಕೆಲಸ ಅಲ್ಲ, ಲಾಬಿಗೆ ಎಷ್ಟು ಖರ್ಚಾಯಿತು ಅಂತ ಲೆಕ್ಕ ಕೊಡಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು.

ನಮ್ಮಲ್ಲಿ? ಚರಂಡಿಗೆ ದುಡ್ಡು ಬೇಕು ಅಂತ ಎರಡು ವರ್ಷದಲ್ಲಿ ಮೂರು ಮನವಿ ಹೋಗಿದೆ. ಪ್ರತಿ ಸಲ ಶಾಲು, ಹಾರ, ಫೋಟೋ. ಆಮೇಲೆ ಸದ್ದಿಲ್ಲ. ಇದನ್ನು ನೋಡಿಕೊಳ್ಳುವ ಸಮಿತಿ ನಮ್ಮಲ್ಲಿ ಇದೆಯಾ, ಇಲ್ಲ ಅಧ್ಯಕ್ಷರ ಮೊಬೈಲೇ ಸಮಿತಿಯಾ?

ಮಾಜಿಮೆಂಬರ್:
ಮೊಬೈಲೇ ಸಮಿತಿ, ಸರಿಯಾಗಿ ಹೇಳಿದಿರಿ 😄

ಲಾಬಿಗಂತಲೇ ಒಂದು ಸಮಿತಿ 1964ರ ಪುರಸಭೆಗಳ ಕಾಯ್ದೆಯಲ್ಲಿಲ್ಲ. ಇರುವುದು ಸ್ಥಾಯಿ ಸಮಿತಿ. ಆದರೆ ಸಿಯಾಟಲ್‌ನವರಿಗೆ ಇಲ್ಲದ ಒಂದು ಸೌಕರ್ಯ ನಮಗಿದೆ. ನಮ್ಮ ಕ್ಷೇತ್ರದ ಶಾಸಕರು, ಸಂಸದರು ಪುರಸಭೆಯಲ್ಲೇ ಸದಸ್ಯರು, ಅವರಿಗೆ ಮತವೂ ಇದೆ. ಸರ್ಕಾರ ನಾಮಕರಣ ಮಾಡಿದವರಿಗೆ ಮತ ಇಲ್ಲ, ಇವರಿಗೆ ಇದೆ. ಅಂದರೆ ನಾವು ಹಾರ ಹಿಡಿದು ಅವರ ಮನೆಗೆ ಹೋಗಬೇಕಾಗಿಲ್ಲ, ಅವರು ನಮ್ಮ ಸಭೆಗೆ ಬಂದು ಕೂರಬೇಕು. ಬರುತ್ತಾರಾ ಅನ್ನೋದು ಬೇರೆ ಮಾತು. ನನ್ನ ಅವಧಿಯಲ್ಲಿ ಅಧ್ಯಕ್ಷರ ಚುನಾವಣೆ ದಿನ ತಪ್ಪದೆ ಬಂದರು, ಯಾಕಂದರೆ ಅವತ್ತು ಕೈ ಎತ್ತಬೇಕಿತ್ತು.

ವಿಧಾನ ಪರಿಷತ್ತಿಗೆ ಕೊಡಗಿನ ಸ್ಥಳೀಯ ಸಂಸ್ಥೆಗಳಿಂದ ಒಬ್ಬರು ಆರಿಸಿ ಹೋಗುತ್ತಾರಲ್ಲ, ಅವರಿಗೆ ವೋಟು ಹಾಕುವವರೇ ವಾರ್ಡ್ ಮೆಂಬರುಗಳು ಮತ್ತು ಗ್ರಾಮ ಪಂಚಾಯಿತಿಯವರು. ಇದಕ್ಕಿಂತ ಗಟ್ಟಿ ಹಿಡಿತ ಬೇಕಾ? ಆದರೂ ಆರು ವರ್ಷಕ್ಕೊಮ್ಮೆ ಊಟ ಹಾಕಿದಾಗ ಉಂಡು ಬರುತ್ತೇವೆ, ಏನೂ ಕೇಳಲ್ಲ.

ಹಳೇಗುಮಾಸ್ತ:
ಮೆಂಬರ್ ಸಾರ್ ಹೇಳಿದ್ದು ಸರಿ, ಆದರೆ ಕರಿಮೆಣಸು ಅವರೇ, ನಿಮ್ಮ ಮೂರು ಮನವಿಗೆ ಠರಾವು ಇತ್ತಾ? ಮನವಿ ಅಂದರೆ ಬರೀ ಕಾಗದ. ಸಭೆಯಲ್ಲಿ ವಿಷಯ ಇಟ್ಟು, ನಡಾವಳಿ ಪುಸ್ತಕದಲ್ಲಿ ಬರೆದು, ಅಂದಾಜುಪಟ್ಟಿ ಲಗತ್ತಿಸಿದರೆ ಅದು ಫೈಲು. ಫೈಲು ಮುಖ್ಯಾಧಿಕಾರಿಯಿಂದ ಡಿಸಿ ಆಫೀಸಿನ ನಗರಾಭಿವೃದ್ಧಿ ಕೋಶಕ್ಕೆ, ಅಲ್ಲಿಂದ ಬೆಂಗಳೂರಿನ ಪೌರಾಡಳಿತ ನಿರ್ದೇಶನಾಲಯಕ್ಕೆ, ಆಮೇಲೆ ನಗರಾಭಿವೃದ್ಧಿ ಇಲಾಖೆಗೆ ಹೋಗುತ್ತದೆ. ಎಲ್ಲಿ ಕೂತಿದೆ ಅಂತ ಹೇಳುವುದಕ್ಕೆ ಒಂದು ನಂಬರ್ ಇರುತ್ತದೆ. ಶಾಸಕರ ಕೈಗೆ ಆ ನಂಬರ್ ಕೊಡಿ, ಹಾರ ಬೇಡ. ನಂಬರ್ ಇದ್ದರೆ ಅವರು ಸದನದಲ್ಲಿ ಪ್ರಶ್ನೆ ಹಾಕಬಹುದು. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕು, ಚುಕ್ಕೆ ಇಲ್ಲದಿದ್ದರೆ ಲಿಖಿತ ಉತ್ತರ. ಹೇಗಿದ್ದರೂ ಆ ಫೈಲು ಒಮ್ಮೆ ಯಾರದೋ ಟೇಬಲ್ ಮೇಲೆ ಬಿಚ್ಚಿಕೊಳ್ಳುತ್ತದೆ.

ಟೈಮಿಂಗೂ ಮುಖ್ಯ. ಬಜೆಟ್ ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್‌ನಲ್ಲಿ. ಅದರ ಲೆಕ್ಕಾಚಾರ ಬಹಳ ಮುಂಚೆಯೇ ಶುರುವಾಗಿರುತ್ತದೆ. ನಮ್ಮವರು ಕಾಫಿ ಕೊಯ್ಲು ಮುಗಿಸಿ, ಕಣ ಗುಡಿಸಿ, ಮಾರ್ಚ್‌ನಲ್ಲಿ ಬೆಂಗಳೂರು ಬಸ್ಸು ಹತ್ತಿದರೆ ಎಂತ ಸಿಗುತ್ತದೆ? ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನಕ್ಕೆ ಮೊದಲೇ ಎರಡೋ ಮೂರೋ ಬೇಡಿಕೆ ಕೊಡಬೇಕು. ಮೂವತ್ತಲ್ಲ. ಮೂವತ್ತು ಕೊಟ್ಟರೆ ಅವರು ಸುಲಭದ್ದು ಒಂದು ಆರಿಸಿಕೊಳ್ಳುತ್ತಾರೆ, ಅದು ಬಸ್ ತಂಗುದಾಣ.

ಬೆಟ್ಟದಮನೆ:
ಸುಮ್ನೆ ಆಸೆ ಹುಟ್ಟಿಸಬೇಡಿ. ವಿಧಾನಸಭೆಯ 224ರಲ್ಲಿ ನಮಗೆ ಇಬ್ಬರು ಶಾಸಕರು, ಮಡಿಕೇರಿ ಮತ್ತು ವಿರಾಜಪೇಟೆ. ಕೊಡಗು ಬೇರೆ ರಾಜ್ಯವಾಗಿದ್ದಾಗ, 1956ರ ತನಕ, ಮಡಿಕೇರಿಯಲ್ಲೇ ನಮ್ಮದೇ ವಿಧಾನಸಭೆ ಇತ್ತು, 24 ಜನ. ಈಗ ಇಬ್ಬರು ಕೂಗಿದರೆ ಯಾರಿಗೆ ಕೇಳುತ್ತದೆ? 2011ರ ಜನಗಣತಿಯಲ್ಲಿ ಮಡಿಕೇರಿ ಜನಸಂಖ್ಯೆ 33 ಸಾವಿರ ಚಿಲ್ಲರೆ. ಶನಿವಾರ ರಾಜಾಸೀಟ್ ರಸ್ತೆಯಲ್ಲಿ ನಿಂತು ಎಣಿಸಿ ನೋಡಿ. ಕಸ ಪ್ರವಾಸಿಗರದ್ದು, ನೀರು ಅವರಿಗೂ ಬೇಕು, ಅನುದಾನಕ್ಕೆ ಮಾತ್ರ ಅವರು ತಲೆ ಲೆಕ್ಕದಲ್ಲಿಲ್ಲ.

ಮಾಜಿಮೆಂಬರ್:
ಇದನ್ನೇ ಬೇಡಿಕೆ ಮಾಡಿ ಮಾರಾಯರೇ! ಚರಂಡಿಗೆ ಇಷ್ಟು ಲಕ್ಷ ಕೊಡಿ ಅಂದರೆ ಅದು ಒಂದು ಊರಿನ ಮಾತು. ಪ್ರವಾಸಿಗರ ಹೊರೆಯನ್ನೂ ಲೆಕ್ಕಕ್ಕೆ ಹಿಡಿದು ಅನುದಾನ ಕೊಡಿ ಅಂದರೆ ಚಿಕ್ಕಮಗಳೂರು, ಸಕಲೇಶಪುರದವರೂ ಜೊತೆಗೆ ಬರುತ್ತಾರೆ. ಆಗ ಇಬ್ಬರು ಶಾಸಕರು ಅಲ್ಲ, ಇಡೀ ಮಲೆನಾಡು. ರಾಜ್ಯ ಹಣಕಾಸು ಆಯೋಗ ಅಂತ ಐದು ವರ್ಷಕ್ಕೊಮ್ಮೆ ಮಾಡುತ್ತಾರಲ್ಲ, ಸ್ಥಳೀಯ ಸಂಸ್ಥೆಗೆ ಎಷ್ಟು ಪಾಲು ಅಂತ ಶಿಫಾರಸು ಮಾಡುವುದು ಅದೇ. ನಮ್ಮವರು ಅಲ್ಲಿಗೆ ಏನು ಬರೆದು ಕೊಟ್ಟಿದ್ದಾರೆ ಅಂತ ಒಂದು ಸಲ ಕೇಳಿ ನೋಡಿ.

ಕರಿಮೆಣಸು:
ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದೆ. ಹತ್ತು ರೂಪಾಯಿ ಫೀ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವ ಹಾಗಿಲ್ಲ. ಉತ್ತರ ಬಂತು. ಗುಮಾಸ್ತರೇ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಮೂರು ಮನವಿಯಲ್ಲಿ ಎರಡಕ್ಕೆ ಠರಾವೇ ಇಲ್ಲ. ಮೂರನೆಯದಕ್ಕೆ ಠರಾವು ಇದೆ, ಅಂದಾಜುಪಟ್ಟಿ ಇಲ್ಲ. ಅದನ್ನು ಯಾರು ಮಾಡಿಸಬೇಕು?

ಹಳೇಗುಮಾಸ್ತ:
ಇಂಜಿನಿಯರ್. ಮಳೆ ಹಿಡಿಯುವ ಮೊದಲು ಜಾಗಕ್ಕೆ ಕರೆದುಕೊಂಡು ಹೋಗಿ. ಜೂನ್ ಆದರೆ ಯಾರೂ ಬರಲ್ಲ.